ಅರ್ಧ ಯವ

ಮೂಗಿನ ತುದಿಯನ್ನು ಕತ್ತಿ ಸೋಕಿಸದೆ ತಿದ್ದುವ ಉಪಾಯ ಬಂದು ಆಗಲೇ ಆರು ವರ್ಷವಾಗಿತ್ತು. ಅದಕ್ಕೆ ಮುಂಚೆ ದಾರಿಗಳಿರಲಿಲ್ಲ ಎಂದಲ್ಲ. ಕೊಯ್ದು ಹೊಲಿಯುವವರಿದ್ದರು, ಹಾಗೆ ಮಾಡಿಸಿಕೊಂಡವರು ಊದಿದ ಮುಖ ಹೊತ್ತು ವಾರಗಟ್ಟಲೆ ಮನೆಯೊಳಗೇ ಕೂರಬೇಕಿತ್ತು. ಚರ್ಮದಡಿಗೆ ಮದ್ದು ತುಂಬಿ ತುದಿಯನ್ನು ಎತ್ತುವವರಿದ್ದರು. ಮದ್ದು ಕರಗಿದ ಮೇಲೆ ಮೂಗು ತನ್ನ ಹಳೆಯ ಜಾಗಕ್ಕೆ ಬಂದು ಕೂರುತ್ತಿತ್ತು. ದಾರ ಪೋಣಿಸಿ ಎಳೆದು ಕಟ್ಟುವವರೂ ಇದ್ದರು. ಇವೆಲ್ಲ ದೊಡ್ಡ ಪಟ್ಟಣದ ಮಾತು. ಹೊಸ ಯಂತ್ರ ಬಂದ ಮೇಲೆ ಮೂಗು ತಿದ್ದುವ ಕೆಲಸ ತಾಲ್ಲೂಕು ಕಚೇರಿಯ ಎದುರು ರಸ್ತೆಗೂ ಬಂತು. ಬೋರ್ಡಿನ ಮೇಲೆ ‘ಸೌಷ್ಠವ ಕೇಂದ್ರ’ ಎಂದು ಬರೆದಿದ್ದರೂ ಜನ ಅದನ್ನು ಮೂಗಿನ ಆಫೀಸು ಎಂದೇ ಕರೆದರು.

ಯಂತ್ರದ ಗುಟ್ಟು ಬಹಳ ದೊಡ್ಡದಲ್ಲ. ಮೂಗಿನ ತುದಿಯಲ್ಲಿರುವುದು ಮೂಳೆಯಲ್ಲ, ಮೃದ್ವಸ್ಥಿ. ಅದು ತನ್ನೊಳಗೆ ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಆ ಹಿಡಿತವೇ ಅದರ ಗಡಸು. ಕೂದಲೆಳೆಯಷ್ಟು ಸಣ್ಣ ಎರಡು ಸೂಜಿಗಳನ್ನು ಊರಿ ತೀರ ಕಡಿಮೆ ವಿದ್ಯುತ್ತು ಹರಿಸಿದರೆ ಹಿಡಿತ ಸಡಿಲವಾಗಿ, ನೆನೆದ ತೊಗಲಿನ ಹಾಗೆ ಮೆತ್ತಗಾಗುತ್ತದೆ. ಆಗ ಮೇಲೊಂದು ಅಚ್ಚು ಕೂರಿಸಿ, ವಿದ್ಯುತ್ತನ್ನು ಎದುರು ದಿಕ್ಕಿಗೆ ತಿರುಗಿಸಿದರೆ ಹೊಸ ಆಕಾರದಲ್ಲೇ ಬಿಗಿದುಕೊಳ್ಳುತ್ತದೆ. ಹನ್ನೆರಡು ನಿಮಿಷದ ಕೆಲಸ. ರಕ್ತವಿಲ್ಲ, ಹೊಲಿಗೆಯಿಲ್ಲ. ಎದ್ದು ಮುಖ ತೊಳೆದು ಮನೆಗೆ ಹೋಗಬಹುದು.

ತೊಂದರೆ ಬಂದದ್ದು ಅಚ್ಚಿನಲ್ಲಿ. ಮೊದಮೊದಲು ಕಂಪ್ಯೂಟರು ಲಕ್ಷ ಮುಖಗಳನ್ನು ಕೂಡಿಸಿ ಭಾಗಿಸಿ ಅಚ್ಚುಗಳನ್ನು ತಯಾರಿಸುತ್ತಿತ್ತು. ಮಾಡಿಸಿಕೊಂಡವರು ಕನ್ನಡಿ ನೋಡಿ, “ಚೆನ್ನಾಗಿದೆ. ಆದ್ರೆ ಯಾರದೋ ಮೂಗು ಇಸ್ಕೊಂಡ್ ಬಂದ ಹಾಗಿದೆ” ಎನ್ನುತ್ತಿದ್ದರು. ಕೇಂದ್ರದ ವೈದ್ಯರಾದ ಡಾ. ಯಶೋಧರ ಅವರಿಗೆ ಇದೇ ಚಿಂತೆಯಾಯಿತು. ಹಾಗೆ ಚಿಂತಿಸುತ್ತಲೇ ಅವರು ಒಂದು ದಿನ ಕಲ್ಲುಹುಂಡಿಯ ವಿಗ್ರಹಶಿಲ್ಪಿ ಮೌನೇಶಾಚಾರ್ ಅವರ ಶೆಡ್ಡಿಗೆ ಬಂದರು. ಆಚಾರ್ ಅವರ ಮಗಳು ಭಾರ್ಗವಿ ಆ ಕೇಂದ್ರದಲ್ಲೇ ಯಂತ್ರ ನಡೆಸುವ ಕೆಲಸದಲ್ಲಿದ್ದಳು. ದಾರಿ ತೋರಿಸಿದವಳು ಅವಳೇ.

“ನಿಮ್ಮ ದೇವರ ಮೂಗು ನೋಡಿ ಯಾರೂ ಇದು ಬೇರೆಯವರದು ಅನ್ನಲ್ಲ, ಆಚಾರ್ರೇ,” ಎಂದರು ವೈದ್ಯರು. “ನಮಗೆ ಏಳು ಥರ ಮಾಡಿಕೊಡಿ. ಬರೀ ತುದಿ ಸಾಕು.”

ಮೌನೇಶಾಚಾರ್ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, “ಮನುಷ್ಯರಿಗೆ ಮಾಡಿಲ್ಲ ಸ್ವಾಮಿ, ಯಾವತ್ತೂ,” ಎಂದರು.

“ದೇವರಿಗೆ ಮಾಡಿದ ಕೈಗೆ ಮನುಷ್ಯರು ಕಷ್ಟವೇ?”

“ಕಲ್ಲು ಎಷ್ಟು ದಿನ ಬೇಕಾದ್ರೂ ಕಾಯುತ್ತೆ. ಅದಕ್ಕೆ ಹೇಳ್ದೆ.”

ಆದರೂ ಮಾಡಿಕೊಟ್ಟರು. ಬಳಪದ ಕಲ್ಲಿನಲ್ಲಿ ಏಳು ಮೂಗುತುದಿಗಳು, ಒಂದೊಂದೂ ನೆಲ್ಲಿಕಾಯಿಯಷ್ಟು. ನಲವತ್ತೊಂದು ದಿನ ಬೆಳಿಗ್ಗೆ ಮಿಂದು, ಮಡಿಯುಟ್ಟು ಕೆತ್ತಿದರು. ಕೇಂದ್ರದವರು ಅವನ್ನು ಬೆಳಕಿನ ಕಿರಣದಲ್ಲಿ ಅಳೆದು ಕಂಪ್ಯೂಟರಿಗೆ ಇಳಿಸಿಕೊಂಡರು. ಅಲ್ಲಿಂದ ಮುಂದೆ ಯಾರೂ ಯಾರದೋ ಮೂಗು ಎನ್ನಲಿಲ್ಲ. ಏಳರಲ್ಲಿ ಒಂದನ್ನು ಆರಿಸಿಕೊಂಡರೆ ಯಂತ್ರ ಅವರವರ ಮುಖದ ಅಗಲಕ್ಕೆ ಹೊಂದಿಸಿಕೊಳ್ಳುತ್ತಿತ್ತು. ಮೊದಲು ಕುರ್ಚಿಯ ಮೇಲೆ ಮಲಗಿದವಳು ಭಾರ್ಗವಿ. ಅಪ್ಪ ಮಾಡಿದ್ದೆಲ್ಲ ಗಾಡಿ ಹತ್ತಿ ಊರೂರಿಗೆ ಹೋಗುತ್ತದೆ, ಒಂದಾದರೂ ತನ್ನ ಹತ್ತಿರ ಉಳಿಯಲಿ ಎಂದು ಅವಳ ಆಸೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಇನ್ನು ಕಲ್ಲುಹುಂಡಿಯ ಶಿಲ್ಪಿಗಳ ಒಂದು ನಡಾವಳಿಯನ್ನು ಹೇಳಬೇಕು. ಅವರ ಅಳತೆಯಲ್ಲಿ ಅಂಗುಲದ ಎಂಟನೇ ಒಂದು ಭಾಗಕ್ಕೆ ಯವ ಎಂದು ಹೆಸರು. ಒಂದು ಜವೆಗೋಧಿ ಕಾಳಿನ ದಪ್ಪ. ಮೂಗಿನ ತುದಿಯಲ್ಲಿ ಅರ್ಧ ಯವ ಕಲ್ಲನ್ನು ಅವರು ಕಡೆಯವರೆಗೂ ಉಳಿಸುತ್ತಾರೆ. ತೆಗೆದ ಕಲ್ಲನ್ನು ಮತ್ತೆ ಇಡಲು ಬರುವುದಿಲ್ಲವಲ್ಲ. ವಿಗ್ರಹವನ್ನು ಮನೆಗೋ ಗುಡಿಗೋ ಒಯ್ಯುವವರು ಬಂದು ಎದುರಿಗೆ ನಿಲ್ಲಬೇಕು. ಶಿಲ್ಪಿ ಅವರ ಮುಖವನ್ನು ನೋಡುತ್ತಾನೆ, ಅವರ ದೃಷ್ಟಿ ವಿಗ್ರಹದ ಮೇಲೆ ಎಲ್ಲಿ ನಿಲ್ಲುತ್ತದೆಂದು ನೋಡುತ್ತಾನೆ. ಅವರು “ಆಗಲಿ” ಎನ್ನುತ್ತಾರೆ. ಆಗ ಅವನು ಆ ಅರ್ಧ ಯವವನ್ನು ತೆಗೆಯುತ್ತಾನೆ, ಯಾವ ಕಡೆಯಿಂದ ಎಷ್ಟು ಎಂಬುದು ಪ್ರತಿ ಸಲವೂ ಬೇರೆ. ಉಳಿ ಕೆಳಗಿಟ್ಟು ಹಿಂದೆ ಸರಿಯುತ್ತಾನೆ. ಆಮೇಲೆ ಅದನ್ನು ಮುಟ್ಟುವ ಹಕ್ಕು ಅವನಿಗಿಲ್ಲ, ಅದು ಅವನದಲ್ಲ.

ಏಳು ಮೂಗುಗಳಲ್ಲೂ ಮೌನೇಶಾಚಾರ್ ಅರ್ಧ ಯವ ಉಳಿಸಿದ್ದರು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹಸಿ ಮಡಕೆ ಒಯ್ದವರಿಗೆ ಅದನ್ನು ಸುಡಬೇಕೆಂದು ಕುಂಬಾರ ಹೇಳಿಕಳಿಸುತ್ತಾನೆಯೇ? ಒಬ್ಬೊಬ್ಬರದೂ ಆದಾಗ ಕರೆಯುತ್ತಾರೆ ಎಂದುಕೊಂಡಿದ್ದರು. ದಿನವೂ ಮಿಂದು, ಶುಭ್ರ ಪಂಚೆ ಉಟ್ಟು, ಶೆಡ್ಡಿನಲ್ಲಿ ಕೂತು ಕಾದರು. ಮಗಳ ಮುಖದಲ್ಲಿ ಆ ಅರ್ಧ ಯವ ಹಾಗೆಯೇ ಇರುವುದು ಊಟಕ್ಕೆ ಕೂತಾಗಲೆಲ್ಲ ಕಾಣುತ್ತಿತ್ತು. ಮನೆಯವಳು ತಾನೆ, ಹೊರಗಿನವರದು ಮುಗಿಯಲಿ ಎಂದು ಹಿಂದಕ್ಕಿಟ್ಟಿದ್ದಾರೆ ಎಂದುಕೊಂಡರು.

“ನನ್ನನ್ನ ಏನಾದ್ರೂ ಕೇಳಿದ್ರಾ ಮಗಾ, ಆಫೀಸಲ್ಲಿ?” ಎಂದು ಸಂಜೆ ಮಗಳನ್ನು ಕೇಳುವರು.

“ಇಲ್ಲಪ್ಪಾ. ಯಾಕೆ?”

“ಸುಮ್ನೆ.”

ಹೆಂಡತಿ ಗಿರಿಜಾಂಬ ಒಳಗಿನಿಂದಲೇ ನಗುವಳು. “ಶಾಲು ಹೊದಿಸ್ತಾರೆ ಅಂತ ಕಾಯ್ತಾ ಇದ್ದೀರೇನ್ರೀ? ಟ್ರಂಕಲ್ಲಿ ಒಂಬತ್ತು ಬಿದ್ದಿವೆ. ಹತ್ತನೇದು ಬಂದ್ರೆ ನಾನು ಎಮ್ಮೆಗೆ ಹೊದಿಸ್ತೀನಿ.”

ಹೀಗೆ ಒಂದೂಕಾಲು ವರ್ಷ ಕಳೆಯಿತು.

ಆ ಕಾರ್ತಿಕದಲ್ಲಿ ಅವರು ಒಂದು ಪ್ರತಿಷ್ಠೆಯ ಕೆಲಸಕ್ಕೆ ಹಾಸನದ ಕಡೆ ಹೊರಟಿದ್ದರು. ಬಸ್ಸಿನಲ್ಲಿ ಟಿಕೆಟು ಕೊಡುತ್ತಿದ್ದ ಹೆಂಗಸು ಅವರ ಸೀಟಿನ ಪಕ್ಕ ನಿಂತು ಚಿಲ್ಲರೆ ಹುಡುಕುತ್ತ, ಇನ್ನೊಂದು ಕೈಯಿಂದ ಮೂಗಿನ ತುದಿಯನ್ನು ಉಜ್ಜಿಕೊಂಡಳು. ಮೌನೇಶಾಚಾರ್ ತಲೆ ಎತ್ತಿದರು. ಏಳರಲ್ಲಿ ಮೂರನೆಯದು. ಅರ್ಧ ಯವ ಹಾಗೆಯೇ ಇತ್ತು.

“ಎಲ್ಲಿ ಮಾಡಿಸ್ಕೊಂಡೆ ತಾಯಿ, ಮೂಗು?”

ಅವಳಿಗೆ ನಾಚಿಕೆಯಾಯಿತು. “ಗೊತ್ತಾಗ್ತದಾ ಅಜ್ಜಾ? ಚಿತ್ರದುರ್ಗದಲ್ಲಿ. ಒಂದು ವರ್ಷ ಆಯ್ತು.”

“ಚಿತ್ರದುರ್ಗದಲ್ಲೂ ಇದೆಯಾ? ಆಮೇಲೆ ಯಾರೂ ಬರ್ಲಿಲ್ವಾ, ಮುಗಿಸೋಕೆ?”

“ಯಾರು ಬರ್ಬೇಕಿತ್ತು?” ಅವಳ ಕೈ ಮತ್ತೆ ಮೂಗಿಗೆ ಹೋಯಿತು. ತುದಿಯ ಚರ್ಮ ಸುಲಿದು ಕೆಂಪಾಗಿತ್ತು. “ಎಲ್ಲಾರೂ ಚೆನ್ನಾಗೈತೆ ಅಂತಾರೆ. ನಂಗೇ ಒಂಥರಾ. ಏನೋ ಅರ್ಧಕ್ಕೆ ಬಿಟ್ಟು ಎದ್ದು ಬಂದಂಗೆ. ಒಲೆ ಮೇಲೆ ಹಾಲಿಟ್ಟು ಮರ್ತು ಬಂದಿರ್ತೀವಲ್ಲ, ಹಂಗೆ, ಇಡೀ ದಿನ.”

ಮುಂದಿನ ನಿಲ್ದಾಣದಲ್ಲಿ ಅವರು ಇಳಿದುಬಿಟ್ಟರು. ಪ್ರತಿಷ್ಠೆಗೆ ಬರಲಾಗುವುದಿಲ್ಲ ಎಂದು ಹೇಳಿಕಳಿಸಿ, ಎದುರು ಬಸ್ಸು ಹಿಡಿದು ಮನೆಗೆ ಬಂದರು.

ಭಾರ್ಗವಿ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವರು ಹೇಳಿದರು. ಅರ್ಧ ಯವದ ಮಾತು, ಕರೆಯುತ್ತಾರೆಂದು ಕಾದದ್ದು, ಬಸ್ಸಿನ ಹೆಂಗಸಿನ ಮಾತು. ಭಾರ್ಗವಿ ಹೊಸ್ತಿಲ ಮೇಲೇ ಕೂತಳು. ಅವಳ ಬೆರಳು ಮೂಗಿನ ತುದಿಯ ಮೇಲಿತ್ತು. ತಾನು ದಿನಕ್ಕೆ ಎಷ್ಟು ಸಲ ಹಾಗೆ ಮುಟ್ಟಿಕೊಳ್ಳುತ್ತೇನೆಂದು ಅವಳಿಗೆ ತಿಳಿದಿತ್ತು. ಕೇಂದ್ರದಲ್ಲಿ ಅದಕ್ಕೊಂದು ಪಟ್ಟಿಯೇ ಇತ್ತು. ಮರುತಪಾಸಣೆಗೆ ಬಂದವರನ್ನು ಕ್ಯಾಮೆರಾ ನೋಡಿ ಎಣಿಸುತ್ತಿತ್ತು. ನೂರರಲ್ಲಿ ಅರವತ್ತು ಮಂದಿ ಗಂಟೆಗೆ ಹತ್ತು ಸಲಕ್ಕಿಂತ ಹೆಚ್ಚು ಮುಟ್ಟಿಕೊಳ್ಳುತ್ತಿದ್ದರು. ಹೊಸದರಲ್ಲಿ ಹೀಗಾಗುತ್ತದೆ, ಅಭ್ಯಾಸ, ಎಂದು ಬರೆದುಕೊಂಡಿದ್ದರು.

“ನೀನು ಯಾಕಪ್ಪಾ ಹೇಳ್ಲಿಲ್ಲ?”

“ಹೇಳೋದು ಏನಿದೆ ಅದ್ರಲ್ಲಿ ಅಂದ್ಕೊಂಡೆ ಮಗಾ. ನಮ್ಮಪ್ಪ ನನಗೆ ಹೇಳಿರ್ಲಿಲ್ಲ. ನೋಡಿ ಕಲಿತೆ.”

“ಆಫೀಸಿನವರೇನು ನಿಮ್ಮಪ್ಪನ ಮಕ್ಕಳಾ, ನೋಡಿ ಕಲಿಯೋಕೆ?” ಎಂದಳು ಗಿರಿಜಾಂಬ. ಈ ಸಲ ಅವಳು ನಗಲಿಲ್ಲ.

ಮಾರನೆಯ ದಿನ ತಂದೆ ಮಗಳು ಜೊತೆಯಾಗಿ ಕೇಂದ್ರಕ್ಕೆ ಹೋದರು. ಗಾಜಿನ ಗೋಡೆಯ ಆಚೆ ನಾಲ್ಕು ಕುರ್ಚಿಗಳು, ಈಚೆ ಯಂತ್ರದ ಮೇಜು. ಡಾ. ಯಶೋಧರ ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡರು.

“ಆ ಏಳನ್ನ ವಾಪಸ್ ಕೊಟ್ಬಿಡಿ ಸ್ವಾಮಿ,” ಎಂದರು ಮೌನೇಶಾಚಾರ್. “ಮುಗಿಯದ ಕೆಲಸ ಶೆಡ್ ದಾಟಬಾರ್ದು. ದಾಟಿಸಿದ್ದು ನನ್ನ ತಪ್ಪು.”

“ಕಲ್ಲು ಇವತ್ತೇ ತಗೊಂಡ್ ಹೋಗಿ. ಆದ್ರೆ ಅಳತೆ ಅರವತ್ತು ಕೇಂದ್ರಕ್ಕೆ ಹೋಗಿದೆ ಆಚಾರ್ರೇ. ನಮ್ಮೊಂದರಲ್ಲೇ ಎಂಟು ಸಾವಿರ ಜನ. ಮುಖ್ಯ ಕಚೇರಿಗೆ ಬರೀತೀನಿ. ನಿಲ್ಸೋದು ನನ್ನ ಕೈಲಿಲ್ಲ. ನಿಮ್ಮಿಂದ ಮುಚ್ಚಿಡಲ್ಲ. ಎರಡನೇ ಸಲ ಮಾಡಿ ಅಂತ ಬಂದವ್ರಲ್ಲಿ ನಲವತ್ತು ಜನಕ್ಕೆ ಮಾಡಿ ನೋಡಿದ್ವಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಂಡೇ ಮಾಡಿದ್ದು. ಹನ್ನೊಂದು ಜನಕ್ಕೆ ತುದಿಯ ಜೀವಕೋಶ ಸತ್ತು ಹೋಯ್ತು. ಬೂದಿ ಬಣ್ಣ ಬಂದು ಕುಸೀತು.”

ಭಾರ್ಗವಿಗೆ ಇದು ಗೊತ್ತಿತ್ತು. ತಂದೆಗೆ ಹೇಳಿರಲಿಲ್ಲ. ಅದಕ್ಕಿಂತ ದೊಡ್ಡದೊಂದನ್ನೂ ಹೇಳಿರಲಿಲ್ಲ. ಎರಡನೆಯ ಸಲದ ಪಟ್ಟಿಯಲ್ಲಿ ಮುಂದಿನ ವಾರಕ್ಕೆ ಅವಳ ಹೆಸರೂ ಇತ್ತು.

ಡಾ. ಯಶೋಧರ ಮೇಜಿನ ಮೇಲೆ ಒಂದು ಗೆರೆ ಎಳೆದು ತೋರಿಸಿದರು. ಕೋಶಗಳು ಸಾಯುವುದು ಅಚ್ಚಿನ ಪೂರ್ತಿ ವಿದ್ಯುತ್ತಿಗೆ. ಕಾಲು ಪಾಲು ಹರಿಸಿದರೆ ತುದಿಯ ಮೇಲ್ಪದರವಷ್ಟೇ ತೊಂಬತ್ತು ಸೆಕೆಂಡು ಮೆತ್ತಗಾಗುತ್ತದೆ, ಅಪಾಯ ಕಡಿಮೆ. ಅಷ್ಟರಲ್ಲಿ ಅಚ್ಚು ಕೂರುವುದಿಲ್ಲ, ಕೈಯಿಂದ ಒತ್ತಬೇಕು. ಎಲ್ಲಿ ಎಷ್ಟು ಎಂದು ತಿಳಿದ ಕೈ. ಅದೂ ಒಂದೇ ಸಲ. ಮತ್ತೊಮ್ಮೆ ವಿದ್ಯುತ್ತು ತಾಕಿಸಿದರೆ ಮೂಗು ಉಳಿಯುವುದಿಲ್ಲ.

“ಅಂಥ ಕೈ ನನಗೆ ಗೊತ್ತಿರೋದು ಒಂದೇ,” ಎಂದರು ವೈದ್ಯರು.

ಮೌನೇಶಾಚಾರ್ ಗಾಜಿನಾಚೆ ನೋಡಿದರು. ನಾಲ್ಕು ಕುರ್ಚಿಗಳೂ ತುಂಬಿದ್ದವು. ಹೊರಗೆ ಬೆಂಚಿನ ಮೇಲೆ ಇನ್ನೂ ಎಂಟು ಜನ ಟೋಕನ್ನು ಹಿಡಿದು ಕೂತಿದ್ದರು.

ಆ ವಾರವಿಡೀ ಮನೆಯಲ್ಲಿ ಇದೇ ಮಾತು. ಗಿರಿಜಾಂಬ ಹೂರಣ ರುಬ್ಬುತ್ತ, ಬಟ್ಟೆ ಹಿಂಡುತ್ತ, ಎಮ್ಮೆಗೆ ಹುಲ್ಲು ಹಾಕುತ್ತ ಅದನ್ನೇ ಆಡುತ್ತಿದ್ದಳು. “ನಮ್ಮತ್ತೆ ಮೂಗು ಇತ್ತು ಇವಳಿಗೆ, ಗುಂಡಗೆ, ಚೆನ್ನಾಗೇ ಇತ್ತು. ನೆಗಡಿ ಆದ್ರೆ ಸುರೀತಿತ್ತು, ಆಗದಿದ್ರೆ ಸುಮ್ಮನಿರ್ತಿತ್ತು. ಮೂಗು ಇನ್ನೇನ್ ಮಾಡ್ಬೇಕು?” ಮತ್ತೆ ಸ್ವಲ್ಪ ಹೊತ್ತಿಗೆ ದನಿ ತಗ್ಗಿಸಿ, “ನಿಮ್ಮ ಕೈ ನಡುಗಲ್ಲ ತಾನೆ?” ಎಂದು ಗಂಡನನ್ನು ಕೇಳುವಳು.

“ಕಲ್ಲಿನ ಮೇಲೆ ಯಾವತ್ತೂ ನಡುಗಿಲ್ಲ.”

“ಕಲ್ಲಿನ ವಿಷಯ ಕೇಳ್ಲಿಲ್ಲ ನಾನು.”

ಭಾರ್ಗವಿ ತಾನೇ ತಂದೆಯ ಹತ್ತಿರ ಬಂದು ಕೂತಳು. “ನೀನು ಮಾಡ್ದೇ ಇದ್ರೆ ಅಚ್ಚಲ್ಲಿ ಮಾಡಿಸ್ಕೋತೀನಪ್ಪಾ. ಹೆಸರು ಕೊಟ್ಟಾಗಿದೆ. ಹಿಂಗೆ ಇರೋಕಾಗಲ್ಲ. ಪೂಜೆಗೆ ಕೂತ್ರೂ ಕೈ ಇಲ್ಲಿಗೇ ಬರುತ್ತೆ. ದೇವರ ಮುಂದೆ ಕೈ ಮುಗಿಯೋಕೂ ಎರಡು ಕೈ ಸಿಗ್ತಾ ಇಲ್ಲ.”

ನಲವತ್ತರಲ್ಲಿ ಹನ್ನೊಂದು. ಮೌನೇಶಾಚಾರ್ ಮನಸ್ಸಿನಲ್ಲಿ ಆ ಲೆಕ್ಕವನ್ನು ಎಷ್ಟು ಸಲ ತಿರುವಿ ಹಾಕಿದರೂ ಅದು ಬದಲಾಗಲಿಲ್ಲ. ಮಗಳ ಮುಖದಲ್ಲಿ ತನ್ನ ಕೈತಪ್ಪು ಕೂತಿದೆ. ತೆಗೆಯಲು ಹೋದರೆ ಮುಖವೇ ಹೋಗಬಹುದು. ತೆಗೆಯದಿದ್ದರೆ ಅವಳು ಅಚ್ಚಿನಡಿ ಮಲಗುತ್ತಾಳೆ. ಭಗವಂತ ಇಟ್ಟ ಮೂಗನ್ನು ಮುಟ್ಟಿದ್ದೇ ತಪ್ಪು ಎಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮುಟ್ಟಿಯಾಗಿತ್ತು. ಮುಟ್ಟಿದ ಮೇಲೆ ಅರ್ಧಕ್ಕೆ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು ಎಂದು ಅವರಿಗೆ ತೋರಿತು.

“ಆಗ್ಲಿ ಅನ್ನೋದು ಹೆಂಗೆ? ಮಾತಾಡೋ ಹಾಗಿಲ್ವಲ್ಲ ಅಲ್ಲಿ,” ಎಂದರು.

“ಮಾತಾಡಿದ್ರೆ ಮೇಲ್ತುಟಿ ಎಳೆಯುತ್ತೆ, ತುದಿ ಅಲುಗುತ್ತೆ. ತೋರುಬೆರಳು ಎತ್ತುತೀನಿ. ಅದೇ ಆಗ್ಲಿ ಅಂತ ತಿಳ್ಕೊ.”

ಗುರುವಾರ ಬೆಳಿಗ್ಗೆ ಅವಳು ಕುರ್ಚಿಯ ಮೇಲೆ ಮಲಗಿದಳು. ಯಂತ್ರದ ಮುಂದೆ ಡಾ. ಯಶೋಧರ ತಾವೇ ಕೂತರು. ಗಿರಿಜಾಂಬ ಗಾಜಿನೀಚೆ ನಿಂತು ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಸೂಜಿಗಳು ಇಳಿದವು. ಗೋಡೆಯ ಮೇಲೆ ಕೆಂಪು ಅಂಕಿ ತೊಂಬತ್ತು ಎಂದು ಹೊಳೆದು ಇಳಿಯಲು ಶುರುವಾಯಿತು.

ಮೌನೇಶಾಚಾರ್ ಬಗ್ಗಿದರು. ಹೆಬ್ಬೆರಳನ್ನು ಮಗಳ ಮೂಗಿನ ತುದಿಯ ಮೇಲಿಟ್ಟರು. ಕಲ್ಲಿನಲ್ಲಿ ಅವರು ನಲವತ್ತೈದು ವರ್ಷ ಇದನ್ನೇ ಮಾಡಿದ್ದರು, ಆದರೆ ಕಲ್ಲು ಯಾವತ್ತೂ ಬೆಚ್ಚಗಿರಲಿಲ್ಲ. ಈ ತುದಿಯಡಿ ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಅವಳ ಮುಖವನ್ನು ನೋಡಿದರು. ಹುಟ್ಟಿದ ದಿನದಿಂದ ನೋಡಿದ ಮುಖ. ಎಡಗಡೆಯಿಂದ ಒಂದು ಎಳೆ, ಕೆಳಗಿನಿಂದ ಅರ್ಧ ಎಳೆ; ತೆಗೆಯಬೇಕಾದ್ದು ಎಲ್ಲಿ ಎಂಬುದು ಅವರಿಗೆ ಸ್ಪಷ್ಟವಾಗಿ ಕಂಡಿತು. ಅಷ್ಟು ಸ್ಪಷ್ಟವಾಗಿ ಯಾವ ವಿಗ್ರಹದಲ್ಲೂ ಕಂಡಿರಲಿಲ್ಲ. ಕೈ ನಡುಗಲಿಲ್ಲ.

ಎಪ್ಪತ್ತು. ಅವಳ ಬಲಗೈಯನ್ನು ನೋಡಿದರು. ಬೆರಳುಗಳು ಕುರ್ಚಿಯ ಅಂಚಿನ ಮೇಲೆ ಮಲಗಿದ್ದವು.

ಐವತ್ತು.

“ಆಚಾರ್ರೇ,” ಎಂದರು ವೈದ್ಯರು.

ಭಾರ್ಗವಿ ಕಣ್ಣು ತೆರೆದು ತಂದೆಯನ್ನೇ ನೋಡುತ್ತಿದ್ದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಬೆರಳು ಮಾತ್ರ ಏಳಲಿಲ್ಲ. ಮೂವತ್ತಾಯಿತು, ಹತ್ತಾಯಿತು. ಗಂಟೆ ಬಾರಿಸಿತು. ಮೌನೇಶಾಚಾರ್ ಹೆಬ್ಬೆರಳನ್ನು ಒತ್ತದೆಯೇ ಎತ್ತಿದರು.

ಸೂಜಿ ತೆಗೆದ ಮೇಲೆ ಡಾ. ಯಶೋಧರ, “ಇನ್ನು ಇದನ್ನ ಯಾರೂ ಸರಿ ಮಾಡೋಕಾಗಲ್ಲ ಭಾರ್ಗವಿ. ಗೊತ್ತಲ್ವಾ?” ಎಂದರು. ಅವಳು ತಲೆಯಾಡಿಸಿದಳು. ತಲೆಯಾಡಿಸುವಾಗಲೇ ಅವಳ ಕೈ ಮೂಗಿಗೆ ಹೋಯಿತು.

ಮನೆಗೆ ಬರುವ ಆಟೋದಲ್ಲಿ ಗಿರಿಜಾಂಬ ಮಗಳ ಇನ್ನೊಂದು ಕೈಯನ್ನು ಬಿಡಲಿಲ್ಲ. ಶೆಡ್ಡಿನ ಹತ್ತಿರ ಇಳಿದ ಮೇಲೆ ಮೌನೇಶಾಚಾರ್ ಕೇಳಿದರು.

“ಯಾಕೆ ಮಗಾ? ಕಂಡಿತ್ತು ನನಗೆ. ಒತ್ತಿದ್ರೆ ಸರಿಯಾಗ್ತಿತ್ತು.”

“ನನಗೂ ಗೊತ್ತಾಯ್ತಪ್ಪಾ, ನಿನಗೆ ಕಂಡಿದೆ ಅಂತ.” ಅವಳು ಅಂಗಳದಲ್ಲಿ ಬಿದ್ದಿದ್ದ ಕಲ್ಲಿನ ಮೇಲೆ ಕೂತಳು. “ಚಿಕ್ಕವಳಿದ್ದಾಗಿಂದ ನೋಡಿದೀನಿ. ಮುಗಿಸಿ ಹಿಂದಕ್ಕೆ ಸರೀತೀಯ. ಆಮೇಲೆ ಅದರ ಕಡೆ ತಿರುಗಿ ಕೂಡ ನೋಡಲ್ಲ. ಯಾರೋ ಬಂದು ಹೊತ್ಕೊಂಡು ಹೋಗ್ತಾರೆ. ಬೆರಳು ಎತ್ತೋಣ ಅಂತಲೇ ಇದ್ದೆ. ನನ್ನನ್ನೂ ಹಂಗೇ ಬಿಟ್ಟುಬಿಡ್ತೀಯ ಅನ್ನಿಸ್ತು. ಆಗ್ಲಿಲ್ಲ.”

ಮೌನೇಶಾಚಾರ್ ಅವಳ ಪಕ್ಕ ಕೂತರು. ಎಲ್ಲ ದೇವರನ್ನೂ ಬೇರೆಯವರಿಗೆ ಒಪ್ಪಿಸಿ ಬರುವಾಗ ತಮ್ಮೊಳಗೆ ಏನಾಗುತ್ತಿತ್ತೆಂದು ಅವರು ಈ ಮನೆಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಅವಳ ಬೆರಳು ಮೂಗಿನ ತುದಿಯನ್ನು ಉಜ್ಜುತ್ತಲೇ ಇತ್ತು.

“ಇನ್ನು ಜೀವಮಾನವೆಲ್ಲ ಹೀಗೇ ಮಗಾ,” ಎಂದರು.

“ಹ್ಞೂಂ,” ಎಂದಳು ಅವಳು. “ಮಿಕ್ಕವ್ರನ್ನ ಬಿಡಬೇಡಪ್ಪಾ. ನೀನು ಮಾಡ್ದಿದ್ರೆ ಅವರಿಗೆ ಅಚ್ಚು ಕೂರಿಸ್ತಾರೆ. ಅವರು ಬೆರಳು ಎತ್ತುತಾರೆ. ಅವರಿಗೆ ನೀನು ಯಾರೂ ಅಲ್ಲ.”

ಎರಡನೆಯ ಸಲಕ್ಕೆ ಅಚ್ಚು ಮುಟ್ಟಿಸುವುದಿಲ್ಲ ಎಂದು ಡಾ. ಯಶೋಧರ ಬರೆದುಕೊಟ್ಟರು, ತಮ್ಮ ಕೇಂದ್ರದ ಮಟ್ಟಿಗೆ. ಮುಖ್ಯ ಕಚೇರಿಯಿಂದ ಉತ್ತರ ಬರಲಿಲ್ಲ. ಉಳಿದ ಕೇಂದ್ರಗಳಲ್ಲಿ ಆ ಏಳು ಅಚ್ಚುಗಳಿಂದ ಹೊಸ ಮೂಗುಗಳು ಒಂದೊಂದು ಕಡೆ ದಿನಕ್ಕೆ ಇಪ್ಪತ್ತರಂತೆ ತಯಾರಾಗುತ್ತಲೇ ಇದ್ದವು. ಸೋಮವಾರ ಬೆಳಿಗ್ಗೆ ಮೌನೇಶಾಚಾರ್ ಮಿಂದು, ಶುಭ್ರ ಪಂಚೆ ಉಟ್ಟು, ಮಗಳ ಜೊತೆ ಹೊರಟರು. ಅವರ ಕೈಯಿಂದ ಮುಗಿಸಿಕೊಳ್ಳಲು ಹೆಸರು ಕೊಟ್ಟವರು ಅಂದಿಗೇ ಮುನ್ನೂರ ಹನ್ನೆರಡು.

ಮೊದಲು ಬಂದವಳು ಅರಸೀಕೆರೆಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸು. ಬಸ್ಸು ತಡವಾಗಿ ಓಡೋಡಿ ಬಂದಿದ್ದಳು, ಬರುತ್ತಲೇ ಮಲಗಿದಳು. ಮೂಗಿನ ತುದಿಯ ಮೇಲೆ ಸಣ್ಣ ಗಾಯಪಟ್ಟಿ ಇತ್ತು. ಅದನ್ನು ತಾನೇ ಕಿತ್ತಳು. ಭಾರ್ಗವಿ ಯಂತ್ರದ ಮುಂದೆ ಕೂತು ಬೆರಳು ಎತ್ತುವ ಸನ್ನೆಯನ್ನು ವಿವರಿಸಿದಳು. ಸೂಜಿಗಳು ಇಳಿದವು. ಗೋಡೆಯ ಮೇಲೆ ತೊಂಬತ್ತು ಹೊಳೆಯಿತು.

ಮೌನೇಶಾಚಾರ್ ಬಗ್ಗುವಷ್ಟರಲ್ಲಿ ಆಕೆಯ ತೋರುಬೆರಳು ನೆಟ್ಟಗೆ ಎದ್ದಿತ್ತು.

“ಸ್ವಲ್ಪ ತಡೀ ತಾಯಿ,” ಎಂದರು ಅವರು, ಹೆಬ್ಬೆರಳನ್ನು ಆಕೆಯ ಮುಖದ ಮೇಲೆ ಗಾಳಿಯಲ್ಲೇ ನಿಲ್ಲಿಸಿ. “ನಿನ್ನನ್ನ ನಾನಿನ್ನೂ ನೋಡಿಲ್ಲ.”

ಬೆರಳು ಇಳಿಯಲಿಲ್ಲ. ಎಂಬತ್ತೆರಡು, ಎಂಬತ್ತೊಂದು ಎಂದು ಗಾಜಿನೀಚೆಯಿಂದ ಭಾರ್ಗವಿ ಎಣಿಸತೊಡಗಿದಳು.